ಮೆಟಾ ಇನ್ನೂ 15–20 ವರ್ಷ ಹೀಗೇ ದುಡ್ಡು ಮಾಡುತ್ತಾ? (ಷೇರು ಟಿಪ್ಸ್ ಬೇಡ, ವ್ಯಾಪಾರದ ಮಾತು ಮಾತ್ರ)

ಹೊಸಕೆರೆಹಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರನ್ನೂ ಕೈಯಲ್ಲಿಟ್ಟುಕೊಂಡಿರುವ ಮೆಟಾ ಕಂಪನಿಯ ಆದಾಯ 2025ರಲ್ಲಿ 20,000 ಕೋಟಿ ಡಾಲರ್ ದಾಟಿದೆ. ಅದರಲ್ಲಿ ಹೆಚ್ಚುಕಡಿಮೆ ಶೇ 97ರಷ್ಟು ಬರೀ ಜಾಹೀರಾತಿನದು. ಆದರೆ ನನ್ನ ಸುತ್ತಮುತ್ತ ಯಾರನ್ನು ಕೇಳಿದರೂ "ಫೇಸ್‌ಬುಕ್ಕಾ? ಅದನ್ನ ಈಗ ಯಾರು ನೋಡ್ತಾರೆ" ಅನ್ನುತ್ತಾರೆ. ಇವೆರಡೂ ಒಟ್ಟಿಗೆ ನಿಜ ಆಗೋದು ಹೇಗೆ?

ಮುಂದೆ ಈ ಕಂಪನಿಗೆ ಪೆಟ್ಟು ಕೊಡುವಂಥದ್ದು ಏನಾದರೂ ಇದ್ದರೆ ಅದು ಯಾವುದು? ಜನ ಬಿಟ್ಟು ಹೋಗೋದಾ, ಸರ್ಕಾರಗಳಾ, ಎಐ ಖರ್ಚಾ? ನನಗೆ ಕೊಳ್ಳಲಾ ಮಾರಲಾ ಅನ್ನೋದು ಬೇಕಿಲ್ಲ. ದಯವಿಟ್ಟು ಟಾರ್ಗೆಟ್ ಬೆಲೆ ಹಾಕಬೇಡಿ.

ತುಂಗಾತೀರ

ಫೇಸ್‌ಬುಕ್‌ಗೂ ಮೊದಲು ಇಲ್ಲಿ ಎಲ್ಲರೂ ಇದ್ದ ಗೂಗಲ್‌ನ ಆರ್ಕುಟ್ ತಾಣ ನೆನಪಿದೆಯಾ? ಟೆಸ್ಟಿಮೋನಿಯಲ್ ಬರೆಸಿಕೊಳ್ಳೋಕೆ ಸ್ನೇಹಿತರ ಬೆನ್ನು ಬೀಳುತ್ತಿದ್ದ ಕಾಲ ಅದು. ಭಾರತ, ಬ್ರೆಜಿಲ್ ಎರಡರಲ್ಲೂ ಅದೇ ರಾಜ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದರ ಬಾಗಿಲು ಹಾಕಿತು. ಮೈಸ್ಪೇಸ್ ಅನ್ನೋ ಇಂಥದ್ದೇ ತಾಣದ ಕಥೆ ಇನ್ನೂ ಚೆನ್ನಾಗಿದೆ. 2005ರಲ್ಲಿ ನ್ಯೂಸ್ ಕಾರ್ಪ್ 58 ಕೋಟಿ ಡಾಲರ್ ಕೊಟ್ಟು ಕೊಂಡಿತು, 2011ರಲ್ಲಿ 3.5 ಕೋಟಿಗೆ ಮಾರಿ ಕೈ ತೊಳೆದುಕೊಂಡಿತು. ಇಂಥ ತಾಣಗಳಿಗೆ ಜನ ಬರೋದೂ ಬೇಗ, ಎದ್ದು ಹೋಗೋದೂ ಬೇಗ. ಫೇಸ್‌ಬುಕ್‌ಗೆ ಮಾತ್ರ ಬೇರೆ ನಿಯಮ ಇದೆಯಾ?

ಸಿಲ್ಕ್‌ಬೋರ್ಡ್ ವನವಾಸಿ

ಬೇರೆ ನಿಯಮ ಇಲ್ಲ ಸರ್, ಬೇರೆ ಬುದ್ಧಿ ಇದೆ. ಜನ ಎಲ್ಲಿಗೆ ಹೋಗುತ್ತಿದ್ದಾರೆ ಅಂತ ಮೊದಲೇ ನೋಡಿ, ಆ ಜಾಗವನ್ನೇ ಕೊಂಡುಬಿಡೋದು. 2012ರಲ್ಲಿ ಇನ್‌ಸ್ಟಾಗ್ರಾಂ, 100 ಕೋಟಿ ಡಾಲರ್. ಆಗ ಅಲ್ಲಿ ಕೆಲಸಕ್ಕಿದ್ದವರು 13 ಜನ. 2014ರಲ್ಲಿ ವಾಟ್ಸಾಪ್, 1,900 ಕೋಟಿ ಡಾಲರ್. ಯಾವ ಆ್ಯಪ್ ಬೆಳೆಯುತ್ತಿದೆ ಅಂತ ತಿಳಿಯೋಕೆ 2013ರಲ್ಲಿ ಒನಾವೊ ಅನ್ನೋ ಕಂಪನಿಯನ್ನೇ ಕೊಂಡಿದ್ದರು. ಅದರ ವಿಪಿಎನ್ ಆ್ಯಪ್ ಹಾಕಿಕೊಂಡವರ ಫೋನಿನಲ್ಲಿ ಏನು ಓಡುತ್ತಿದೆ ಅನ್ನೋದು ಇವರಿಗೆ ಕಾಣುತ್ತಿತ್ತು. ಗಲಾಟೆಯಾಗಿ 2019ರಲ್ಲಿ ಮುಚ್ಚಿದರು.

ಕೊಳ್ಳೋಕೆ ಆಗದೇ ಇದ್ದದ್ದನ್ನು ನಕಲು ಮಾಡಿದರು. ಸ್ನ್ಯಾಪ್‌ಚಾಟ್ ನೋಡಿ ಸ್ಟೋರಿ ಬಂತು, ಟಿಕ್‌ಟಾಕ್ ನೋಡಿ ರೀಲ್ಸ್ ಬಂತು. ನಮ್ಮಲ್ಲಿ 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆಯಿತು. ಜುಲೈನಲ್ಲೇ ಇನ್‌ಸ್ಟಾದಲ್ಲಿ ರೀಲ್ಸ್ ಶುರು. ಇಷ್ಟು ದೊಡ್ಡ ಊಟವನ್ನು ಯಾರೂ ಎಲೆ ಹಾಕಿ ಬಡಿಸಿರಲಿಲ್ಲ.

ತುಂಗಾತೀರ

ಅದೇ ನನ್ನ ಮಾತು. ಮುಂದಿನ ಸಲ ಕೊಳ್ಳೋಕೆ ಬಿಡುತ್ತಾರಾ?

ಕೋರ್ಟ್ ಹಾಲ್ ನಂಬರ್ 4

ಕೊಂಡದ್ದನ್ನು ವಾಪಸ್ ಮಾರು ಅಂತ ಹೇಳೋಕೆ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2020ರ ಡಿಸೆಂಬರ್‌ನಲ್ಲೇ ಕೇಸು ಹಾಕಿತ್ತು. 2025ರ ನವೆಂಬರ್ 18ಕ್ಕೆ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಮೆಟಾ ಪರ ತೀರ್ಪು ಕೊಟ್ಟರು. ಟಿಕ್‌ಟಾಕ್, ಯೂಟ್ಯೂಬ್ ಇರುವಾಗ ಇದನ್ನು ಏಕಸ್ವಾಮ್ಯ ಅನ್ನೋಕಾಗಲ್ಲ ಅನ್ನೋದು ತೀರ್ಪಿನ ಸಾರ. ಅಂದರೆ ಇನ್‌ಸ್ಟಾ, ವಾಟ್ಸಾಪ್ ಸದ್ಯಕ್ಕೆ ಮನೆಯಲ್ಲೇ ಇರುತ್ತವೆ.

ಆ ವಿಚಾರಣೆಯಲ್ಲಿ ಮೆಟಾದವರೇ ತೋರಿಸಿದ ಒಂದು ಲೆಕ್ಕ ಇದೆ. ಫೇಸ್‌ಬುಕ್‌ನಲ್ಲಿ ಜನ ಕಳೆಯುವ ಹೊತ್ತಿನಲ್ಲಿ ಸ್ನೇಹಿತರ ಪೋಸ್ಟ್ ನೋಡೋದು ಶೇ 17 ಮಾತ್ರ. ಇನ್‌ಸ್ಟಾದಲ್ಲಿ ಶೇ 7. ಉಳಿದದ್ದರಲ್ಲಿ ದೊಡ್ಡ ಪಾಲು ಪರಿಚಯವೇ ಇಲ್ಲದವರ ವಿಡಿಯೊ. ಕೇಸು ಗೆಲ್ಲೋಕೆ ಈ ಅಂಕಿ ಅವರಿಗೆ ಬೇಕಿತ್ತು. ಆದರೆ ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಖುಷಿಪಡುವ ಅಂಕಿ ಅಲ್ಲ.

ರೀಲ್ಸ್ ರಂಗ (19)

ನಮ್ಮ ಕಾಲೇಜಿನಲ್ಲಿ ಇನ್‌ಸ್ಟಾದಲ್ಲಿ ಯಾರೂ ಪೋಸ್ಟ್ ಹಾಕಲ್ಲ ಅಣ್ಣ. ಪೋಸ್ಟ್ ಹಾಕಿದರೆ "ಏನೋ ಸೀರಿಯಸ್ ಆಗಿದ್ದಾನೆ" ಅಂತ ನಗುತ್ತಾರೆ. ರೀಲ್ ನೋಡೋದು, ಡಿಎಮ್‌ನಲ್ಲಿ ಕಳಿಸೋದು, ಅಷ್ಟೇ. ಸ್ಟೋರಿ ಕೂಡ ಕ್ಲೋಸ್ ಫ್ರೆಂಡ್ಸ್‌ಗೆ ಮಾತ್ರ. ಫೇಸ್‌ಬುಕ್ ಅಕೌಂಟ್ ಇದೆ, ಯಾವುದೋ ಗೇಮ್ ಲಾಗಿನ್‌ಗೆ ಮಾಡಿದ್ದು. ಪಾಸ್‌ವರ್ಡ್ ಗೊತ್ತಿಲ್ಲ.

ತುಂಗಾತೀರ

ನೋಡಿದ್ರಾ? ನನ್ನ ಸ್ನೇಹಿತರು ಇಲ್ಲೇ ಇದ್ದಾರೆ, ಅದಕ್ಕೇ ನಾನೂ ಇಲ್ಲೇ ಇರಬೇಕು ಅನ್ನೋದೇ ಫೇಸ್‌ಬುಕ್‌ನ ಕೋಟೆ ಆಗಿತ್ತು. ಈಗ ಅಪರಿಚಿತರ ವಿಡಿಯೊ ನೋಡೋಕೆ ಯಾವ ಆ್ಯಪ್ ಆದರೂ ನಡೆಯುತ್ತೆ. ಕೋಟೆ ಗೋಡೆ ಇವರೇ ಒಡೆದುಕೊಂಡಿದ್ದಾರೆ.

ಸಿಲ್ಕ್‌ಬೋರ್ಡ್ ವನವಾಸಿ

ಅರ್ಧ ಒಪ್ಪುತ್ತೇನೆ. ನೋಡುಗರ ಕಡೆಯ ಕೋಟೆ ತೆಳ್ಳಗಾಗಿದೆ, ನಿಜ. ಆದರೆ ಇವರಿಗೆ ದುಡ್ಡು ಕೊಡುವವರು ನೋಡುಗರಲ್ಲ, ಅಂಗಡಿಯವರು. ಆ ಕಡೆಯ ಕೋಟೆ ಈಗ ಹಿಂದಿಗಿಂತ ಗಟ್ಟಿ.

ಒಳಗೆ ನಡೆಯೋದು ಹರಾಜು. ನಿಮ್ಮ ಫೋನಿನಲ್ಲಿ ಒಂದು ಜಾಹೀರಾತಿನ ಜಾಗ ತೆರೆದಾಗಲೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ಮುಗಿದಿರುತ್ತೆ. ಜಾಸ್ತಿ ದುಡ್ಡು ಕೂಗಿದವನೇ ಗೆಲ್ಲಬೇಕು ಅಂತಿಲ್ಲ. ನೀವು ಅದನ್ನು ಒತ್ತುವ, ಕೊಳ್ಳುವ ಸಾಧ್ಯತೆ ಎಷ್ಟು ಅಂತ ಯಂತ್ರ ಅಂದಾಜು ಹಾಕುತ್ತೆ. ಕೂಗಿದ ಬೆಲೆಯನ್ನು ಅದರಿಂದ ಗುಣಿಸುತ್ತೆ, ಜಾಹೀರಾತು ಚೆನ್ನಾಗಿದೆಯಾ ಅನ್ನೋದಕ್ಕೂ ಸ್ವಲ್ಪ ಅಂಕ ಸೇರಿಸುತ್ತೆ. ಹಾಗಾಗಿ ಅಂದಾಜು ಸರಿಯಾದಷ್ಟೂ ಅಂಗಡಿಯವರಿಗೂ ಲಾಭ, ಮೆಟಾಗೂ ಲಾಭ. ಈ ಅಂದಾಜೇ ಇವರ ನಿಜವಾದ ಸರಕು. ಫೇಸ್‌ಬುಕ್ಕು, ಇನ್‌ಸ್ಟಾ ಅದನ್ನು ಮಾರುವ ಜಾಗ.

2021ರ ಏಪ್ರಿಲ್‌ನಲ್ಲಿ ಆಪಲ್ ಐಫೋನ್‌ನಲ್ಲಿ "ನಿಮ್ಮನ್ನು ಹಿಂಬಾಲಿಸಲು ಈ ಆ್ಯಪ್‌ಗೆ ಬಿಡಬೇಕಾ" ಅಂತ ಕೇಳೋಕೆ ಶುರು ಮಾಡಿತು. ಬಹಳ ಜನ ಬೇಡ ಅಂದರು. ಅಂದಾಜಿನ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗಾಯಿತು. 2022ರಲ್ಲಿ ಇದರಿಂದ ಸುಮಾರು 1,000 ಕೋಟಿ ಡಾಲರ್ ಹೊಡೆತ ಅಂತ ಮೆಟಾನೇ ಹೇಳಿತು. ಆ ವರ್ಷ ಫೆಬ್ರವರಿ 3ಕ್ಕೆ ಷೇರು ಒಂದೇ ದಿನ ಶೇ 26 ಬಿತ್ತು. ನವೆಂಬರ್ ಹೊತ್ತಿಗೆ 90 ಡಾಲರ್ ಹತ್ತಿರ ಬಂದು ನಿಂತಿತ್ತು. 11,000 ಜನರನ್ನು ಮನೆಗೆ ಕಳಿಸಿದರು. ವರ್ಷದ ಆದಾಯ ಮೊದಲ ಸಲ ಇಳಿಯಿತು, 11,790 ಕೋಟಿಯಿಂದ 11,660 ಕೋಟಿ ಡಾಲರ್‌ಗೆ.

ಆಮೇಲೆ? ಹಿಂಬಾಲಿಸೋದು ಬಿಟ್ಟು ಊಹಿಸೋದಕ್ಕೆ ದುಡ್ಡು ಸುರಿದರು. 2024ರ ಹೊತ್ತಿಗೆ ಆದಾಯ 16,450 ಕೋಟಿ. ಎಐ ಬಗ್ಗೆ ಎಷ್ಟು ಬೈದರೂ ಸರಿ, ಅದು ಮೊದಲು ದುಡಿದು ತೋರಿಸಿದ್ದು ಇಲ್ಲಿ. ಚಾಟ್‌ಬಾಟ್‌ನಲ್ಲಿ ಅಲ್ಲ.

ಇಳಕಲ್ ಸೆರಗು

ವನವಾಸಿ ಅಣ್ಣಾರು ಹೇಳಿದ್ದು ನಮ್ಮ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ ರೀ. ನಾವು ಸೀರೆ ಮಾರೋರು. ಮೊದಲು ಜಾಹೀರಾತು ಹಾಕುವಾಗ ನಾವೇ ಕೂತು ಆರಿಸುತ್ತಿದ್ದೆವು. ವಯಸ್ಸು ಇಷ್ಟರಿಂದ ಇಷ್ಟು, ಊರು ಹುಬ್ಬಳ್ಳಿ, ಬೆಂಗಳೂರು, ಪುಣೆ, ಸೊಲ್ಲಾಪುರ, ಆಸಕ್ತಿ ಕೈಮಗ್ಗ. ಈಗ ಅದೆಲ್ಲ ಬಿಟ್ಟಿದ್ದೇವೆ. ಟೋಪ್ ತೆನಿ ಸೆರಗು ಬಿಚ್ಚಿ ತೋರಿಸುವ ಚಿಕ್ಕ ವಿಡಿಯೊ ಹಾಕೋದು, ದಿನಕ್ಕೆ ಇಷ್ಟು ಅಂತ ದುಡ್ಡು ಇಡೋದು, ಕೆಳಗೆ ವಾಟ್ಸಾಪ್ ಬಟನ್ ಇಡೋದು. ಯಾರಿಗೆ ತೋರಿಸಬೇಕು ಅನ್ನೋದು ಅದಕ್ಕೇ ಬಿಟ್ಟದ್ದು. ನಾವು ಆರಿಸಿದ್ದಕ್ಕಿಂತ ಅದು ಆರಿಸಿದ್ದೇ ಚೆನ್ನಾಗಿ ನಡೆಯುತ್ತೆ. ನಾಸಿಕದಲ್ಲಿ, ಹೈದರಾಬಾದಿನಲ್ಲಿ ಗಿರಾಕಿ ಇದ್ದಾರೆ ಅಂತ ನಮಗೆ ಹೇಳಿದ್ದೇ ಅದು.

ಇನ್ನೊಂದು. ಲೈಕ್ ಹೊಡೆಯೋರು ಬೇರೆ, ಕೊಳ್ಳೋರು ಬೇರೆ. ಇನ್‌ಸ್ಟಾದಲ್ಲಿ ಹುಡುಗಿಯರು "ಸೂಪರ್ ಅಕ್ಕ" ಅಂತ ಬರೆದು ಸೇವ್ ಮಾಡಿಕೊಂಡು ಹೋಗುತ್ತಾರೆ. ಫೇಸ್‌ಬುಕ್‌ನಿಂದ ಬರೋರು ನಲವತ್ತು ದಾಟಿದ ಹೆಂಗಸರು. ಅವರು ಹೆಚ್ಚು ಮಾತಾಡಲ್ಲ. ಬೆಲೆ ಕೇಳುತ್ತಾರೆ, ಕಸೂತಿ ಕೈಯದಾ ಮಿಷಿನ್‌ದಾ ಅಂತ ಕೇಳುತ್ತಾರೆ, ಸೆರಗನ್ನು ಬೆಳಕಲ್ಲಿ ಹಿಡಿದು ಇನ್ನೊಂದು ಫೋಟೊ ಕಳಿಸು ಅನ್ನುತ್ತಾರೆ, ಕ್ಯೂಆರ್ ಕಳಿಸಿದರೆ ದುಡ್ಡು ಹಾಕುತ್ತಾರೆ. ಫೇಸ್‌ಬುಕ್ ಯಾರೂ ನೋಡಲ್ಲ ಅನ್ನೋರು ನಮ್ಮ ವಾಟ್ಸಾಪ್ ಒಂದು ದಿನ ನೋಡಬೇಕು.

ಹೊಸಕೆರೆಹಳ್ಳಿ ಹುಡುಗ

ಅಕ್ಕ, ನಾನು ಕೇಳಿದ ಮೊದಲ ಪ್ರಶ್ನೆಗೆ ಇದೇ ಉತ್ತರ ಅನ್ನಿಸುತ್ತಿದೆ. ಹಬ್ಬದ ಟೈಮಲ್ಲಿ ಖರ್ಚು ಏರುತ್ತಾ?

ಇಳಕಲ್ ಸೆರಗು

ಏರದೇ ಇರುತ್ತಾ? ದಸರಾ, ದೀಪಾವಳಿಗೆ ದೊಡ್ಡ ದೊಡ್ಡ ಕಂಪನಿಗಳೆಲ್ಲ ಇಳಿಯುತ್ತವೆ. ಅದೇ ದುಡ್ಡಿಗೆ ಅರ್ಧ ಜನ ಕೇಳೋಕೆ ಬರುತ್ತಾರೆ. ಮೇಲೆ ಶೇ 18 ಜಿಎಸ್‌ಟಿ. ಶ್ರಾವಣದ ಮೊದಲೇ ಹಾಕಿ ಮುಗಿಸೋದು ನಮ್ಮ ಉಪಾಯ.

ಲೆಕ್ಕದ ಮೇಷ್ಟ್ರು

ಅಕ್ಕನ ಮಾತಿನ ಬೆನ್ನಿಗೇ ಒಂದು ಲೆಕ್ಕ ಇಡುತ್ತೇನೆ. ಫೇಸ್‌ಬುಕ್ 2023ರ ಕೊನೆಯವರೆಗೂ ಒಬ್ಬ ಬಳಕೆದಾರನಿಂದ ಸರಾಸರಿ ಎಷ್ಟು ಆದಾಯ ಅಂತ ಪ್ರದೇಶವಾರು ಹೇಳುತ್ತಿತ್ತು. 2023ರ ಅಕ್ಟೋಬರ್–ಡಿಸೆಂಬರ್‌ನಲ್ಲಿ ಅಮೆರಿಕ, ಕೆನಡಾದಲ್ಲಿ ಒಬ್ಬರಿಂದ 68 ಡಾಲರ್. ಯುರೋಪ್‌ನಲ್ಲಿ 23. ನಾವೆಲ್ಲ ಸೇರಿರುವ ಏಷ್ಯಾ–ಪೆಸಿಫಿಕ್‌ನಲ್ಲಿ ಐದೂವರೆ. ಅದಾದ ಮೇಲೆ ಆ ಕೋಷ್ಟಕ ಕೊಡೋದನ್ನೇ ನಿಲ್ಲಿಸಿದರು.

ಏಷ್ಯಾ ಅಂದರೆ ಜಪಾನ್, ಕೊರಿಯಾ, ಆಸ್ಟ್ರೇಲಿಯಾ ಕೂಡ ಸೇರಿದ ಲೆಕ್ಕ. ಭಾರತವನ್ನು ಬಿಡಿಸಿ ನೋಡಿದರೆ ಇನ್ನೂ ಕಡಿಮೆ ಇರಲೇಬೇಕು. ಮೂರೂವರೆ ನೂರು ಕೋಟಿ ಜನ ದಿನಾ ಇವರ ಯಾವುದಾದರೂ ಆ್ಯಪ್ ತೆರೆಯುತ್ತಾರೆ ಅಂತ ಹೇಳುತ್ತಾರಲ್ಲ, ದುಡ್ಡಿನ ದೊಡ್ಡ ಭಾಗ ಬರೋದು ಅದರಲ್ಲಿ ಚಿಕ್ಕ ಗುಂಪಿನಿಂದ. ಆ ಗುಂಪಿನ ಜನಸಂಖ್ಯೆ ಬೆಳೆಯುತ್ತಿಲ್ಲ. ಅಲ್ಲಿ ಫೋನ್ ಇಲ್ಲದವರು ಉಳಿದಿಲ್ಲ. ಹಾಗಾದರೆ ಬೆಳವಣಿಗೆ ಎರಡೇ ದಾರಿಯಲ್ಲಿ. ಅಲ್ಲಿನವರಿಗೆ ಇನ್ನೂ ಜಾಸ್ತಿ ಜಾಹೀರಾತು ತೋರಿಸಿ ಇನ್ನೂ ಜಾಸ್ತಿ ಬೆಲೆ ಹಾಕಬೇಕು. ಇಲ್ಲಾ, ನಮ್ಮ ಐದೂವರೆಯನ್ನು ಹತ್ತು, ಹದಿನೈದು ಮಾಡಬೇಕು.

ಇನ್ನೊಂದು ತಮಾಷೆ. ಚೀನಾದಲ್ಲಿ 2009ರಿಂದ ಫೇಸ್‌ಬುಕ್ ಬಂದ್. ಆದರೂ 2024ರಲ್ಲಿ ಚೀನಾದ ಜಾಹೀರಾತುದಾರರಿಂದ ಬಂದದ್ದು 1,800 ಕೋಟಿ ಡಾಲರ್ ದಾಟಿತ್ತು, ಒಟ್ಟು ಆದಾಯದ ಶೇ 11. ಟೆಮು, ಶೀನ್ ಥರದ ಆನ್‌ಲೈನ್ ಅಂಗಡಿಯವರು ಅಮೆರಿಕದ ಗಿರಾಕಿಗಳನ್ನು ಹಿಡಿಯೋಕೆ ಹಾಕುವ ದುಡ್ಡು ಇದರಲ್ಲಿದೆ. ಅಮೆರಿಕ, ಚೀನಾ ಜಗಳ ಆಡಿದರೆ ಸುಂಕ ಏರುತ್ತೆ, ಈ ದುಡ್ಡು ಅಲ್ಲಾಡುತ್ತೆ.

ಪಡುಬಿದ್ರಿ ಪಯಣಿಗ

ದುಡ್ಡು ಎಲ್ಲಿಂದ ಬರುತ್ತೆ ಅನ್ನೋ ಮಾತು ಬಂತು, ಅದಕ್ಕೆ ಕೇಳುತ್ತೇನೆ ಮಾರಾಯ್ರೇ. ಸುಧಾ ಮೂರ್ತಿ, ನಿರ್ಮಲಾ ಸೀತಾರಾಮನ್ ಮುಖ ಹಾಕಿ "21 ಸಾವಿರ ಹಾಕಿದರೆ ತಿಂಗಳಿಗೆ ಲಕ್ಷಗಟ್ಟಲೆ" ಅನ್ನುವ ನಕಲಿ ವಿಡಿಯೊಗಳು ನೋಡಿಲ್ವಾ? 2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಒಂದು ವರದಿ ಮಾಡಿತು. ಮೆಟಾದ ಒಳಗಿನ ಕಾಗದಗಳ ಪ್ರಕಾರ 2024ರ ಆದಾಯದ ಸುಮಾರು ಶೇ 10, ಅಂದರೆ 1,600 ಕೋಟಿ ಡಾಲರ್, ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತಿನಿಂದ ಬರುತ್ತೆ ಅಂತ ಅವರೇ ಅಂದಾಜು ಮಾಡಿದ್ದರಂತೆ. ಆ ಅಂದಾಜು ತೀರಾ ಅಗಲವಾದದ್ದು, ಸರಿಯಾದ ಜಾಹೀರಾತುಗಳೂ ಅದರೊಳಗೆ ಸೇರಿವೆ ಅಂತ ಕಂಪನಿ ಹೇಳಿತು. ಆಯ್ತು, ಅರ್ಧ ಅಂತಲೇ ಇಟ್ಟುಕೊಳ್ಳಿ. ಅದೇನು ಸಣ್ಣ ದುಡ್ಡಾ?

ನನ್ನ ಪ್ರಕಾರ ದೊಡ್ಡ ಅಪಾಯ ಇದೇ. ಜನ ಬಿಟ್ಟು ಹೋಗಲ್ಲ. ಆದರೆ ಇಲ್ಲಿ ಕಾಣುವ ಜಾಹೀರಾತು ಅಂದರೆ ಮೋಸ ಅಂತ ಒಂದು ಸಲ ಮನಸ್ಸಿಗೆ ಕೂತರೆ ಇಳಕಲ್ ಅಕ್ಕನ ಸೀರೆಯನ್ನೂ ಯಾರೂ ಒತ್ತಲ್ಲ.

ಇಳಕಲ್ ಸೆರಗು

ಈಗಲೇ ಹಾಗಾಗಿದೆ ರೀ. ಹೊಸ ಗಿರಾಕಿ ಮೊದಲು ವಿಡಿಯೊ ಕಾಲ್ ಮಾಡಿ ಅಂಗಡಿ ತೋರಿಸು ಅನ್ನುತ್ತಾರೆ. ಮಗ್ಗದ ಸದ್ದು ಕೇಳಿಸಿದ ಮೇಲೇ ದುಡ್ಡು.

ಕೋರ್ಟ್ ಹಾಲ್ ನಂಬರ್ 4

ಕಾನೂನಿನ ಕಡೆಯಿಂದ ಇನ್ನೊಂದಿಷ್ಟು ಹೇಳಿ ಮುಗಿಸುತ್ತೇನೆ. ದಂಡಗಳಿಂದ ಇವರಿಗೆ ಏನೂ ಆಗಲ್ಲ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಹೊರಗಿನ ಕಂಪನಿಗೆ ಸೋರಿದ ಕೇಂಬ್ರಿಜ್ ಅನಾಲಿಟಿಕಾ ಗಲಾಟೆಯಾದ ಮೇಲೆ 2019ರಲ್ಲಿ ಎಫ್‌ಟಿಸಿ 500 ಕೋಟಿ ಡಾಲರ್ ಹಾಕಿತು, ಕಟ್ಟಿ ಮುಂದೆ ಹೋದರು. ನಮ್ಮ ಸ್ಪರ್ಧಾ ಆಯೋಗ ಸಿಸಿಐ 2024ರ ನವೆಂಬರ್‌ನಲ್ಲಿ ವಾಟ್ಸಾಪ್ ಪ್ರೈವಸಿ ಪಾಲಿಸಿ ವಿಷಯಕ್ಕೆ 213 ಕೋಟಿ ರೂಪಾಯಿ ಹಾಕಿತು. ಅವರಿಗೆ ಅದು ಚಹಾ ಖರ್ಚು.

ನೋಯುವುದು ಎಲ್ಲಿ ಅಂದರೆ ಅಂದಾಜು ಯಂತ್ರದ ಮೇವು, ಅಂದರೆ ಜನರ ಮಾಹಿತಿ, ನಿಲ್ಲಿಸಿದಾಗ. ನಮ್ಮ ಡಿಪಿಡಿಪಿ, ಅಂದರೆ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರದು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಅದರಲ್ಲಿ 18 ವರ್ಷದೊಳಗಿನವರ ನಡವಳಿಕೆ ಹಿಂಬಾಲಿಸೋದು, ಅವರಿಗೆ ಗುರಿ ಇಟ್ಟು ಜಾಹೀರಾತು ತೋರಿಸೋದು ಬೇಡ ಅಂತಿದೆ. ಪೂರ್ತಿ ಜಾರಿಗೆ ಸಮಯ ಕೊಟ್ಟಿದ್ದಾರೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಕೆಳಗಿನವರಿಗೆ ಅಕೌಂಟೇ ಇಲ್ಲ ಅಂದಿತು. ಒಂದು ದೇಶದ ದುಡ್ಡು ದೊಡ್ಡದಲ್ಲ. ಆದರೆ ಹದಿನಾರರವರೆಗೆ ಇನ್‌ಸ್ಟಾ ಮುಟ್ಟದೇ ಬೆಳೆದ ಹುಡುಗರು ಆಮೇಲೆ ಅದಕ್ಕೆ ಒಗ್ಗುತ್ತಾರಾ ಅನ್ನೋದು ಯಾರೂ ನೋಡಿಲ್ಲದ ವಿಷಯ.

ರೀಲ್ಸ್ ರಂಗ (19)

ಹುಟ್ಟಿದ ವರ್ಷ ಸುಳ್ಳು ಹಾಕುತ್ತಾರೆ ಸರ್. ನಾವೆಲ್ಲ ಹಾಕಿಲ್ವಾ.

ಮಾಡರೇಟರ್

ಟಾರ್ಗೆಟ್ ಬೆಲೆ ಹಾಕಿದ್ದ ಪೋಸ್ಟ್‌ಗಳನ್ನು ತೆಗೆದಿದ್ದೇವೆ. ಟೆಲಿಗ್ರಾಂ ಗ್ರೂಪ್ ಲಿಂಕ್ ಹಾಕಿದವರನ್ನು ಹೊರಗೆ ಹಾಕಿದ್ದೇವೆ. ಚರ್ಚೆ ಮುಂದುವರಿಯಲಿ.

ಸಿಯಾಟಲ್ ಚಳಿ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಎಲ್ಲರೂ ಹೊರಗಿನ ಅಪಾಯ ಹೇಳುತ್ತಿದ್ದೀರಿ. ನನಗೆ ಒಳಗಿನದೇ ದೊಡ್ಡದಾಗಿ ಕಾಣುತ್ತೆ. ಕಂಪನಿ ಕಟ್ಟಿದ ಸಿಇಒ ಜುಕರ್‌ಬರ್ಗ್ ಕೈಯಲ್ಲಿರುವ ಷೇರು ಶೇ 13ರ ಆಸುಪಾಸು. ಮತ ಶೇ 60ಕ್ಕಿಂತ ಜಾಸ್ತಿ. ಅವರ ಕ್ಲಾಸ್ ಬಿ ಷೇರಿಗೆ ಒಂದಕ್ಕೆ ಹತ್ತು ಮತ. ಬೋರ್ಡ್ ಇದೆ, ಸಭೆ ಇದೆ, ಎಲ್ಲ ಇದೆ. ಆದರೆ ಇವರು ಬೇಕು ಅಂದರೆ ಬೇಡ ಅನ್ನುವ ಶಕ್ತಿ ಯಾರಿಗೂ ಇಲ್ಲ.

ಇದರ ಒಳ್ಳೆಯ ಮುಖ ನೋಡಿದ್ದೇವೆ. 2006ರಲ್ಲಿ ಯಾಹೂ 100 ಕೋಟಿ ಡಾಲರ್‌ಗೆ ಕೇಳಿದಾಗ ಮಾರಲಿಲ್ಲ. ಇನ್‌ಸ್ಟಾ ಕೊಂಡಾಗ ಹುಚ್ಚು ಅಂದವರೇ ಜಾಸ್ತಿ. ಕೆಟ್ಟ ಮುಖವನ್ನೂ ನೋಡಿದ್ದೇವೆ. 2021ರ ಅಕ್ಟೋಬರ್‌ನಲ್ಲಿ ಕಂಪನಿಯ ಹೆಸರನ್ನೇ ಬದಲಾಯಿಸಿ ಮೆಟಾವರ್ಸ್ ಅನ್ನೋ ಕೃತಕ 3ಡಿ ಲೋಕದ ಹಿಂದೆ ಬಿದ್ದರು. ಆ ವಿಭಾಗ, ರಿಯಾಲಿಟಿ ಲ್ಯಾಬ್ಸ್, 2022ರಲ್ಲಿ 1,370 ಕೋಟಿ, 2023ರಲ್ಲಿ 1,610 ಕೋಟಿ, 2024ರಲ್ಲಿ 1,770 ಕೋಟಿ ಡಾಲರ್ ನಷ್ಟ ಮಾಡಿತು. ಬೇರೆ ಕಂಪನಿಯಲ್ಲಿ ಸಿಇಒ ಮನೆಗೆ ಹೋಗಿರುತ್ತಿದ್ದರು. ಅದರಿಂದ ಹೊರಬಂದ ಒಳ್ಳೆಯ ಸರಕು ಅಂದರೆ ರೇ-ಬ್ಯಾನ್ ಕನ್ನಡಕ. ಅದು ನಿಜಕ್ಕೂ ಚೆನ್ನಾಗಿದೆ. ಆದರೆ ಇಷ್ಟು ದುಡ್ಡಿಗೆ ಕನ್ನಡಕ!

ಈಗ ಅದಕ್ಕಿಂತ ದೊಡ್ಡ ಪಂದ್ಯ. ಡೇಟಾ ಸೆಂಟರ್, ಚಿಪ್ಪು ಅಂತ 2025ರಲ್ಲಿ 7,200 ಕೋಟಿ ಡಾಲರ್ ಆಸುಪಾಸು ಖರ್ಚಾಯಿತು. 2026ಕ್ಕೆ 11,500ರಿಂದ 13,500 ಕೋಟಿ ಅಂತ ಆ ವರ್ಷದ ಜನವರಿಯಲ್ಲಿ ಹೇಳಿದ್ದರು. 2024ರ ನಿವ್ವಳ ಲಾಭ 6,240 ಕೋಟಿ ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ. 2025ರ ಜೂನ್‌ನಲ್ಲಿ ಎಐಗೆ ಡೇಟಾ ಸಿದ್ಧಪಡಿಸುವ ಸ್ಕೇಲ್ ಎಐ ಕಂಪನಿಯ ಶೇ 49 ಪಾಲಿಗೆ 1,430 ಕೋಟಿ ಕೊಟ್ಟರು. ಅದರ ಹುಡುಗ ಮುಖ್ಯಸ್ಥನನ್ನು ಕರೆತರೋದೇ ಅದರ ಮುಖ್ಯ ಉದ್ದೇಶ ಅಂತ ಎಲ್ಲರಿಗೂ ಗೊತ್ತು. ಲೂಸಿಯಾನಾದ ರಿಚ್‌ಲ್ಯಾಂಡ್ ಪ್ಯಾರಿಷ್‌ನಲ್ಲಿ ಕಟ್ಟುತ್ತಿರುವ ಹೈಪೀರಿಯನ್ ಡೇಟಾ ಸೆಂಟರ್‌ಗೆ ಬ್ಲೂ ಔಲ್ ಅನ್ನೋ ಹೂಡಿಕೆ ಕಂಪನಿ ಜೊತೆ ಸೇರಿ 2,700 ಕೋಟಿ ಡಾಲರ್ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಕೈಯಲ್ಲಿ ದುಡ್ಡು ಕೊಳೆಯುತ್ತಿದ್ದ ಕಂಪನಿ ಈಗ ಹೊರಗಿನ ದುಡ್ಡು ತರುತ್ತಿದೆ.

ನನ್ನ ಅಡ್ಡಿ ಒಂದೇ. ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್ ಮೂವರೂ ಡೇಟಾ ಸೆಂಟರ್ ಕಟ್ಟಿದರೆ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಹುದು. ಕ್ಲೌಡ್ ವ್ಯಾಪಾರ ಇದೆ. ಸ್ವಂತ ಎಐ ಸೋತರೂ ಗೆದ್ದವರ ಎಐ ಅಲ್ಲೇ ಓಡುತ್ತೆ. ಮೆಟಾಗೆ ಆ ದಾರಿ ಇಲ್ಲ. ಕಟ್ಟಿದ್ದನ್ನೆಲ್ಲ ತಾನೇ ಬಳಸಿ, ಜಾಹೀರಾತಿನಿಂದಲೇ ದುಡ್ಡು ತೆಗೀಬೇಕು.

ಲೆಕ್ಕದ ಮೇಷ್ಟ್ರು

ಒಳ್ಳೆಯ ಕಡೆ ಕೈ ಇಟ್ಟಿದ್ದೀರಿ. ಇದರಲ್ಲಿ ಒಂದು ಲೆಕ್ಕದ ಸೂಕ್ಷ್ಮ ಇದೆ. ಸರ್ವರ್‌ಗೆ ಕೊಟ್ಟ ದುಡ್ಡು ಕೊಟ್ಟ ವರ್ಷವೇ ಪೂರ್ತಿ ಖರ್ಚು ಅಂತ ಬರೆಯಲ್ಲ. ಅದು ಎಷ್ಟು ವರ್ಷ ಬಾಳುತ್ತೆ ಅಂತ ಅಂದಾಜು ಮಾಡಿ, ಅಷ್ಟು ವರ್ಷಕ್ಕೆ ಹಂಚಿ ಸವಕಳಿ ಬರೆಯುತ್ತಾರೆ. 2025ರ ಆರಂಭದಲ್ಲಿ ಮೆಟಾ ತನ್ನ ಸರ್ವರ್‌ಗಳ ಆಯಸ್ಸನ್ನು ಐದೂವರೆ ವರ್ಷಕ್ಕೆ ಏರಿಸಿತು. ಅಷ್ಟರಿಂದಲೇ ಆ ವರ್ಷದ ಸವಕಳಿ ಸುಮಾರು 290 ಕೋಟಿ ಡಾಲರ್ ಕಡಿಮೆಯಾಗುತ್ತೆ ಅಂತ ಅವರೇ ಅಂದಾಜು ಕೊಟ್ಟರು. ಅಷ್ಟು ಲಾಭ ಪೆನ್ನಿನ ತುದಿಯಲ್ಲಿ ಬಂತು.

ಎಐ ಚಿಪ್ಪು ಐದೂವರೆ ವರ್ಷ ಕೆಲಸಕ್ಕೆ ಬರುತ್ತಾ? ಈ ಚಿಪ್ಪು ಮಾಡುವ ಎನ್ವಿಡಿಯಾ ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸ ಪೀಳಿಗೆ ತರುತ್ತಿದೆ. ಹಳೆಯದು ಓಡುತ್ತೆ, ಆದರೆ ಅದೇ ಕರೆಂಟಿಗೆ ಹೊಸದು ಎಷ್ಟೋ ಪಾಲು ಜಾಸ್ತಿ ಕೆಲಸ ಮಾಡುತ್ತೆ. ಹಾಗಾಗಿ 2025, 2026ರ ಲಾಭ ನೋಡಿ ಖುಷಿಪಡಬೇಡಿ. ಈ ಸರ್ವರ್‌ಗಳ ಸವಕಳಿ ಪೂರ್ತಿ ಬಂದು ಕೂರೋದು 2027, 2028ರಲ್ಲಿ.

ಸಿಲ್ಕ್‌ಬೋರ್ಡ್ ವನವಾಸಿ

ಮೇಷ್ಟ್ರೇ, ಆ ಚಿಪ್ಪುಗಳೆಲ್ಲ ಚಾಟ್‌ಬಾಟ್‌ಗೇ ಅಂತ ಯಾಕೆ ಅಂದುಕೊಳ್ಳಬೇಕು? ಮುಂದಿನ ರೀಲ್ ಯಾವುದು, ಮುಂದಿನ ಜಾಹೀರಾತು ಯಾವುದು ಅಂತ ಆರಿಸೋದೂ ಅದರ ಮೇಲೇ ಓಡುತ್ತೆ. ಅಂದಾಜು ಸ್ವಲ್ಪ ಸುಧಾರಿಸಿದರೂ 20,000 ಕೋಟಿಯ ಮೇಲೆ ಅದು ಎಷ್ಟು ಅಂತ ಗುಣಿಸಿ ನೋಡಿ. ಮೆಟಾವರ್ಸ್ ಜೊತೆ ಇದನ್ನು ಹೋಲಿಸೋದು ಸರಿಯಲ್ಲ.

ಸಿಯಾಟಲ್ ಚಳಿ

ಅದಕ್ಕೆ ಬೇಕಾದಷ್ಟು ಖರ್ಚು ಮಾಡಲಿ, ಯಾರು ಬೇಡ ಅಂದರು? ಅಷ್ಟಕ್ಕೇ ಆಗಿದ್ದರೆ "ಸೂಪರ್‌ಇಂಟೆಲಿಜೆನ್ಸ್" ಅಂತ ಹೆಸರಿಟ್ಟ ಲ್ಯಾಬ್ ಯಾಕೆ ಬೇಕಿತ್ತು? 2025ರ ಏಪ್ರಿಲ್‌ನಲ್ಲಿ ಬಿಟ್ಟ ಅವರ ಎಐ ಮಾದರಿ ಲಾಮಾ 4 ಹೆಚ್ಚಿನವರಿಗೆ ಹಿಡಿಸಲಿಲ್ಲ. ಆಮೇಲೆ ಗಾಬರಿಬಿದ್ದು ಜನರನ್ನು ಕೊಳ್ಳೋಕೆ ಶುರು ಮಾಡಿದರು. ಅಂದಾಜು ಯಂತ್ರಕ್ಕೆ ಎಷ್ಟು, ಪಂದ್ಯಕ್ಕೆ ಎಷ್ಟು ಅಂತ ಬಿಡಿಸಿ ಹೇಳಲ್ಲ. ಹೊರಗಿನ ನಮಗೆ ಒಂದೇ ಮೊತ್ತ ಕಾಣುತ್ತೆ.

ತುಂಗಾತೀರ

ಹೋಗಲಿ, ವಾಟ್ಸಾಪ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮೂರಲ್ಲಿ ಇಂಟರ್ನೆಟ್ ಅಂದರೇ ವಾಟ್ಸಾಪ್.

ನೇರಳೆ ಮಾರ್ಗ

ಅದನ್ನೇ ಹೇಳೋಣ ಅಂತ ಬಂದೆ. 2022ರ ನವೆಂಬರ್‌ನಿಂದ ನಮ್ಮ ಮೆಟ್ರೋ ಟಿಕೆಟ್ ವಾಟ್ಸಾಪ್‌ನಲ್ಲೇ ಸಿಗುತ್ತೆ. ಮೆಟ್ರೋ ನಡೆಸುವ ಬಿಎಂಆರ್‌ಸಿಎಲ್ ನಂಬರಿಗೆ "ಹಾಯ್" ಅಂತ ಕಳಿಸಿ, ಕನ್ನಡ ಆರಿಸಿ, ಹತ್ತೋ ಸ್ಟೇಷನ್, ಇಳಿಯೋ ಸ್ಟೇಷನ್ ಹೇಳಿ, ಯುಪಿಐ ಮಾಡಿದರೆ ಕ್ಯೂಆರ್ ಬರುತ್ತೆ. ಗೇಟ್ ಹತ್ತಿರ ಫೋನ್ ಹಿಡಿದರೆ ಆಯ್ತು. ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಆದರೆ ಇದರಲ್ಲಿ ಮೆಟಾಗೆ ಸಿಗೋದು ಎಷ್ಟು?

ಸಿಲ್ಕ್‌ಬೋರ್ಡ್ ವನವಾಸಿ

ಪೈಸೆಗಳು. ಗಿರಾಕಿ ತಾನೇ ಮಾತು ಶುರು ಮಾಡಿದರೆ ವ್ಯಾಪಾರಿಯ ಉತ್ತರಕ್ಕೆ ಬಹುಪಾಲು ಬಿಟ್ಟಿ. ವ್ಯಾಪಾರಿಯೇ ಮೊದಲು ಮಾರಾಟದ ಮೆಸೇಜ್ ಕಳಿಸಿದರೆ ಭಾರತದಲ್ಲಿ ಒಂದಕ್ಕೆ ಒಂದು ರೂಪಾಯಿಗಿಂತ ಸ್ವಲ್ಪ ಕಡಿಮೆ. 2024ರಲ್ಲಿ ಆ್ಯಪ್‌ಗಳ "ಇತರೆ ಆದಾಯ" ಅಂತ ತೋರಿಸಿದ್ದು 170 ಕೋಟಿ ಡಾಲರ್ ಚಿಲ್ಲರೆ. ಅದರಲ್ಲಿ ದೊಡ್ಡ ಪಾಲು ಇದೇ ವಾಟ್ಸಾಪ್ ಬಿಸಿನೆಸ್. ಒಟ್ಟು ಆದಾಯದಲ್ಲಿ ಶೇ 1ರ ಲೆಕ್ಕ. ಕೊಂಡು ಹತ್ತು ವರ್ಷ ಆದಮೇಲೆ!

ಆದರೆ ಇಳಕಲ್ ಅಕ್ಕ ಹಾಕುವ ಜಾಹೀರಾತು, ಒತ್ತಿದರೆ ವಾಟ್ಸಾಪ್ ತೆರೆಯುತ್ತಲ್ಲ, ಅದರ ದುಡ್ಡು ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತೆ. ಹಾಗಾಗಿ ವಾಟ್ಸಾಪ್ ನಿಜವಾಗಿ ದುಡಿಯೋದು ಈ ಅಂಕಿಗಿಂತ ಜಾಸ್ತಿ. 2025ರ ಜೂನ್‌ನಲ್ಲಿ ಸ್ಟೇಟಸ್ ಇರುವ ಅಪ್‌ಡೇಟ್ಸ್ ಟ್ಯಾಬ್‌ಗೆ ಜಾಹೀರಾತು ಬರುತ್ತೆ ಅಂತಲೂ ಹೇಳಿದರು. ಮೇಷ್ಟ್ರು ಹೇಳಿದ ಐದೂವರೆ ಡಾಲರ್ ಏರೋದಾದರೆ ಇದೇ ದಾರಿಯಲ್ಲಿ.

ಲೆಕ್ಕದ ಮೇಷ್ಟ್ರು

ಪೇಮೆಂಟ್ ಕೈ ತಪ್ಪಿದ್ದನ್ನೂ ಸೇರಿಸಿ. ಭಾರತದಲ್ಲಿ 50 ಕೋಟಿ ಜನರ ಫೋನಿನಲ್ಲಿ ಇದ್ದ ಆ್ಯಪ್ ಅದು. ಆದರೆ ಯುಪಿಐ ನಡೆಸುವ ಎನ್‌ಪಿಸಿಐ 2020ರ ನವೆಂಬರ್‌ನಲ್ಲಿ ಎರಡು ಕೋಟಿ ಜನರಿಗೆ ಮಾತ್ರ ಅಂತ ಮಿತಿ ಹಾಕಿತು. ಆಮೇಲೆ ನಾಲ್ಕು ಕೋಟಿ, ಹತ್ತು ಕೋಟಿ. ಮಿತಿ ಪೂರ್ತಿ ತೆಗೆದದ್ದು 2024ರ ಡಿಸೆಂಬರ್ ಕೊನೆಗೆ. ಅಷ್ಟರಲ್ಲಿ ಫೋನ್‌ಪೇ, ಗೂಗಲ್ ಪೇ ಎರಡೇ ಸೇರಿ ಯುಪಿಐನ ಶೇ 80ಕ್ಕಿಂತ ಜಾಸ್ತಿ ಹಿಡಿದಿದ್ದವು. ತರಕಾರಿ ಅಂಗಡಿಯ ಮೇಜಿನ ಮೇಲೆ ಅವರ ಡಬ್ಬಿ "ಹಣ ಬಂದಿದೆ" ಅಂತ ಕೂಗುತ್ತಿತ್ತು. ಜಿಯೊ ಪ್ಲಾಟ್‌ಫಾರ್ಮ್ಸ್‌ನಲ್ಲಿ 2020ರಲ್ಲಿ 43,574 ಕೋಟಿ ರೂಪಾಯಿ ಹಾಕಿದ್ದೂ ಈ ವ್ಯಾಪಾರದ ಆಸೆಗೇ. ಷೇರಿನ ಬೆಲೆ ಏರಿರಬಹುದು, ಆ ಆಸೆ ಮಾತ್ರ ಕೈಗೂಡಲಿಲ್ಲ.

ಬಯಲುಸೀಮೆ ಬರಹ

ಐದೂವರೆ ಡಾಲರ್ ಗಿರಾಕಿಗೆ ಎಷ್ಟು ಮರ್ಯಾದೆ ಸಿಗುತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾ? 2025ರ ಜುಲೈನಲ್ಲಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂತಾಪ ಬರೆದರು. ಮೆಟಾದ ಯಂತ್ರಾನುವಾದ ತೀರಿಕೊಂಡವರು ಮುಖ್ಯಮಂತ್ರಿಯೇ ಅನ್ನೋ ಅರ್ಥ ಬರುವ ಹಾಗೆ ಇಂಗ್ಲಿಷ್ ಮಾಡಿತು! ಮುಖ್ಯಮಂತ್ರಿ ಕಚೇರಿಯಿಂದ ಪತ್ರ ಹೋದಮೇಲೆ ಕಂಪನಿ ಕ್ಷಮೆ ಕೇಳಿತು. ಡೇಟಾ ಸೆಂಟರ್‌ಗೆ ಸಾವಿರಾರು ಕೋಟಿ ಡಾಲರ್ ಹೋಗುತ್ತೆ. ಕನ್ನಡದ ಕಡೆ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ತುಂಗಾತೀರ

ಅದಕ್ಕೇ ನಮ್ಮವರದೇ ಒಂದು ಬೇಕು ಅಂತ ಟ್ವಿಟರ್ ಥರದ "ಕೂ" ಆ್ಯಪ್ ಬಂದಿತ್ತಲ್ಲ.

ಬಯಲುಸೀಮೆ ಬರಹ

ಬಂದಿತ್ತು, 2020ರಲ್ಲಿ ಬೆಂಗಳೂರಿನಲ್ಲೇ, ಮೊದಲು ಕನ್ನಡದಲ್ಲೇ. 2024ರ ಜುಲೈನಲ್ಲಿ ಮುಚ್ಚಿತು. ಕೊಳ್ಳೋಕೆ ಬಂದವರು ಹಿಂದೆ ಸರಿದರು, ನಡೆಸೋಕೆ ದುಡ್ಡಿರಲಿಲ್ಲ. ಐದೂವರೆ ಡಾಲರ್ ಲೆಕ್ಕ ಅವರಿಗೂ ಅಷ್ಟೇ ಕಷ್ಟ. ಮೆಟಾಗೆ ಅಮೆರಿಕದ 68 ಡಾಲರ್ ಇದೆ, ಇಲ್ಲಿ ನಷ್ಟವಾದರೂ ಕಾಯಬಹುದು. "ಕೂ" ಆ್ಯಪ್‌ಗೆ ಯಾರಿದ್ದರು?

ಹೊಸಕೆರೆಹಳ್ಳಿ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ನನಗೆ ಅರ್ಥವಾದದ್ದು ಇಷ್ಟು. ಜಾಹೀರಾತು ಯಂತ್ರಕ್ಕೆ ಹತ್ತು ವರ್ಷಕ್ಕಂತೂ ಭಯ ಇಲ್ಲ. ಅದು ದುಡಿದ ದುಡ್ಡನ್ನು ಒಬ್ಬರೇ ಎಲ್ಲಿ ಹಾಕುತ್ತಾರೆ ಅನ್ನೋದೇ ಭಯ. ಸಿಯಾಟಲ್ ಸರ್, ಸರಿ ತಾನೇ?

ಸಿಯಾಟಲ್ ಚಳಿ

ಹೌದು. "ಭಯ ಇಲ್ಲ" ಅನ್ನೋ ಕಡೆ ಪಡುಬಿದ್ರಿಯವರ ಮೋಸದ ಜಾಹೀರಾತಿನ ಮಾತು ಸೇರಿಸಿಕೊಳ್ಳಿ. ಅದನ್ನು ಗುಡಿಸಿದರೆ ಆದಾಯ ಇಳಿಯುತ್ತೆ, ಗುಡಿಸದಿದ್ದರೆ ನಂಬಿಕೆ ಇಳಿಯುತ್ತೆ.

ಪಡುಬಿದ್ರಿ ಪಯಣಿಗ

ಗುಡಿಸಲ್ಲ ಮಾರಾಯ್ರೇ, ನೋಡ್ತಾ ಇರಿ. ಯಾವುದಾದರೂ ಸರ್ಕಾರ ದುಡ್ಡು ವಾಪಸ್ ಕೊಡು ಅಂತ ಹೇಳುವವರೆಗೂ ಗುಡಿಸಲ್ಲ.

ಇಳಕಲ್ ಸೆರಗು

ವನವಾಸಿ ಅಣ್ಣಾ, ಒಂದು ಕೇಳೋದಿತ್ತು. ನಾವು ಹಳೆ ಗಿರಾಕಿಗಳಿಗೆಲ್ಲ ಹಬ್ಬಕ್ಕೆ ಹೊಸ ಸೀರೆ ಫೋಟೊ ಕಳಿಸುತ್ತೇವಲ್ಲ, ಆ ಮೆಸೇಜ್ ದರ ಮುಂದೆ ಏರುತ್ತಾ? ಏರೋದಾದರೆ ಈಗಲೇ ಬೇರೆ ಏನಾದರೂ ನೋಡಬೇಕು.

ಸಿಲ್ಕ್‌ಬೋರ್ಡ್ ವನವಾಸಿ

ಏರುತ್ತೆ ಅಕ್ಕ. ಈ ಪುಟದಲ್ಲಿ ಬರೆದ ಖರ್ಚೆಲ್ಲ ಎಲ್ಲಿಂದಾದರೂ ಬರಬೇಕಲ್ಲ. ಗಿರಾಕಿಗಳ ನಂಬರು, ಹೆಸರು, ಏನು ಕೊಂಡರು ಅನ್ನೋದನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಎಲ್ಲರಿಗೂ ಕಳಿಸೋ ಬದಲು ಕಳೆದ ವರ್ಷ ಕೊಂಡವರಿಗೆ ಮಾತ್ರ ಕಳಿಸಿ. ಮೆಸೇಜ್ ನೋಡಿ ಅವರೇ ಉತ್ತರ ಬರೆದರೆ ಮುಂದಿನ 24 ಗಂಟೆಯ ಮಾತುಕತೆಗೆ ದುಡ್ಡಿಲ್ಲ. ಹಾಗಾಗಿ ಮೊದಲ ಮೆಸೇಜ್‌ನಲ್ಲೇ ಬೆಲೆ ಹಾಕಬೇಡಿ, ಕೇಳಲಿ.